ಕಾವಿಗೂ ಮೊದಲು ಕಾಗದಕ್ಕೆ ಸಹಿ ಬೇಡ

ಪ್ರಶ್ನೆ: ನನಗೆ 31 ವರ್ಷ. ಊರು ಮಳವಳ್ಳಿ ತಾಲ್ಲೂಕು. ಎಂ.ಕಾಂ. ಓದಿ ಎಂಟು ವರ್ಷದಿಂದ ಮೈಸೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮದುವೆಯಾಗಿಲ್ಲ, ಆಗುವ ಮನಸ್ಸೂ ಇಲ್ಲ. ನಾಲ್ಕು ವರ್ಷದಿಂದ ಸನ್ಯಾಸದ ಯೋಚನೆ ಬಿಟ್ಟುಹೋಗುತ್ತಿಲ್ಲ. ಪರಿಚಯದ ಸ್ವಾಮಿಗಳೊಬ್ಬರು ಬರುವ ಹುಣ್ಣಿಮೆಗೆ ತಿರುಮಕೂಡಲಿನ ಸಂಗಮದಲ್ಲಿ ದೀಕ್ಷೆ ಕೊಡುತ್ತೇನೆ, ಉಳಿತಾಯದ ದುಡ್ಡನ್ನು ಆಶ್ರಮಕ್ಕೆ ಅರ್ಪಿಸಬೇಕು ಎನ್ನುತ್ತಾರೆ. ‘ಹೇಗೂ ಎಲ್ಲ ಬಿಡ್ತೀಯಲ್ಲ, ಅಪ್ಪನ ಎರಡು ಎಕರೆ ಗದ್ದೆಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಹೋಗು’ ಅಂತ ಅಣ್ಣ. ಹೆಣ್ಣಿಗೆ ಶಾಸ್ತ್ರದಲ್ಲಿ ಸನ್ಯಾಸವೇ ಇಲ್ಲ ಎಂದು ಪುರೋಹಿತರು ಹೇಳಿದ್ದನ್ನು ಹಿಡಿದುಕೊಂಡು ಅಮ್ಮ ಅಳುತ್ತಾರೆ. ನಿಜಕ್ಕೂ ಇಲ್ಲವೇ? ಇದ್ದರೆ ದಾರಿ ಯಾವುದು? ಮುಂದೆ ಅಮ್ಮನಿಗೆ ಏನಾದರೂ ಆದರೆ ನಾನು ಬರಬಹುದೇ?

ಉತ್ತರ: ಮೊದಲು ಅವಸರದ ಮಾತು. ಬರುವ ಹುಣ್ಣಿಮೆಗೆ ತಿರುಮಕೂಡಲಿಗೆ ಹೋಗಬೇಡಿ. ಸಬ್‌ರಿಜಿಸ್ಟ್ರಾರ್ ಕಚೇರಿಗೂ ಹೋಗಬೇಡಿ. ನಿಮ್ಮ ಪತ್ರದಲ್ಲಿ ಇಬ್ಬರಿಗೆ ಆತುರವಿದೆ; ಒಬ್ಬರಿಗೆ ನಿಮ್ಮ ಉಳಿತಾಯ ಬೇಕು, ಇನ್ನೊಬ್ಬರಿಗೆ ಗದ್ದೆ. ನೆಲೆ ಇರುವ ಯಾವ ಮಠವೂ ಸನ್ಯಾಸ ಕೊಡಲು ಆತುರಪಡುವುದಿಲ್ಲ. ಕೇಳಿಕೊಂಡು ಬಂದವರನ್ನು ವರ್ಷಗಟ್ಟಲೆ ಕಾಯಿಸುವುದೇ ಅಲ್ಲಿನ ಕ್ರಮ. ಆ ಕಾಯುವಿಕೆ ನಿಮ್ಮ ವಿರುದ್ಧ ಇಟ್ಟ ಅಡ್ಡಿಯಲ್ಲ, ನಿಮಗಾಗಿ ಇಟ್ಟ ಬೇಲಿ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ: ಹಿಂದಿರುಗಿ ಬರಲಾಗದ ಹೆಜ್ಜೆಗಳನ್ನು ಕೊನೆಗೆ ಇಟ್ಟುಕೊಳ್ಳಿ.

ಪುರೋಹಿತರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಶಂಕರ ಪೀಠಗಳಲ್ಲಿ, ಮಾಧ್ವ ಮಠಗಳಲ್ಲಿ, ಶ್ರೀವೈಷ್ಣವ ಮಠಗಳಲ್ಲಿ ಹೆಣ್ಣಿಗೆ ದಂಡ, ಅಂದರೆ ಸನ್ಯಾಸಿಯ ಕೋಲು, ಕೊಟ್ಟು ಸನ್ಯಾಸ ಕೊಡುವ ರೂಢಿಯಿಲ್ಲ. ಅವರು ಕಂಡ ಸಂಪ್ರದಾಯ ಅದು. ಆದರೆ ಮಹಾಭಾರತದ ಶಾಂತಿಪರ್ವದಲ್ಲಿ ಜನಕರಾಜನ ಆಸ್ಥಾನಕ್ಕೆ ಬಂದು ಅವನ ಜೊತೆ ವಾದಕ್ಕೆ ಕೂರುವ ಸುಲಭೆ ಭಿಕ್ಷುಕಿ, ಅಂದರೆ ಸನ್ಯಾಸಿನಿ. ರಾಜರ್ಷಿಗಳ ಕುಲದಲ್ಲಿ ಹುಟ್ಟಿದವಳು, ತಕ್ಕ ವರ ಸಿಗದೆ ಒಂಟಿಯಾಗಿ ಸಂಚರಿಸುತ್ತಿರುವವಳು ಎಂದು ತಾನೇ ಹೇಳಿಕೊಳ್ಳುತ್ತಾಳೆ. ಹದಿನಾಲ್ಕನೇ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ತಮ್ಮ ಜೀವನ್ಮುಕ್ತಿವಿವೇಕದಲ್ಲಿ, ಮದುವೆಗೆ ಮೊದಲು ಅಥವಾ ವೈಧವ್ಯದ ನಂತರ ಹೆಂಗಸರಿಗೂ ಸನ್ಯಾಸದ ಅಧಿಕಾರವಿದೆ ಎಂದೇ ಬರೆದಿದ್ದಾರೆ. ಅದಕ್ಕೆ ಆಧಾರವಾಗಿ ಸುಲಭೆಯ ಹೆಸರನ್ನೂ ಗಾರ್ಗಿಯ ಹೆಸರನ್ನೂ ತೆಗೆಯುತ್ತಾರೆ. ಅಮ್ಮನಿಗೆ ಇದನ್ನು ಓದಿ ಹೇಳಿ. ಪುರೋಹಿತರು ಸಹ ಆ ಹೆಸರಿನ ಮುಂದೆ ಬಾಯಿ ಮುಚ್ಚಿಯಾರು.

ಎದುರು ಮಾತೂ ಹಳೆಯದೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ನಿಯಮವಿದೆ. ಹೆಂಡತಿ ಮಕ್ಕಳಿಗೆ ಏರ್ಪಾಟು ಮಾಡದೆ ಸನ್ಯಾಸ ಹಿಡಿದವನಿಗೆ ದಂಡ. ಹೆಂಗಸಿಗೆ ಸನ್ಯಾಸ ಕೊಡಿಸಿದವನಿಗೂ ದಂಡ. ರಾಜ್ಯಕ್ಕೆ ಕಂದಾಯ ಕಟ್ಟುವ ಮನೆಗಳು ಬೇಕಿದ್ದವು ಎಂಬುದು ಒಂದು ಕಾರಣ. ಹೆಂಗಸರನ್ನು ಹೀಗೆ ಕರೆದೊಯ್ದು ಕೈಬಿಡುವವರು ಆಗಲೂ ಇದ್ದಿರಬೇಕು ಎಂಬ ಅನುಮಾನವೂ ಬರುತ್ತದೆ. ನಮ್ಮ ಕಡೆ ಅಕ್ಕಮಹಾದೇವಿಯ ಮಾತು ತೆಗೆದರೆ ಎಲ್ಲ ಚರ್ಚೆ ಮುಗಿಯುತ್ತದೆ ಎಂದುಕೊಳ್ಳುವವರುಂಟು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕ ಯಾವ ಮಠದ ಪಟ್ಟಿಯಲ್ಲೂ ಇರಲಿಲ್ಲ ನಿಜ. ಆದರೆ ಅಕ್ಕನನ್ನು ನೆಪವಾಗಿಟ್ಟುಕೊಂಡು ಇಂದು ಒಬ್ಬಳೇ ಹೊರಡುವುದು ಧೈರ್ಯವಲ್ಲ, ಭಂಡತನ.

ಜಾತಿಯ ಪ್ರಶ್ನೆಯನ್ನು ನೀವು ಎತ್ತಿಲ್ಲ, ಯಾರಾದರೂ ಎತ್ತುತ್ತಾರೆ. ದ್ವಿಜರಿಗೆ ಮಾತ್ರ ಸನ್ಯಾಸ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. 1980ರಲ್ಲಿ ವರದಿಯಾದ ಕೃಷ್ಣ ಸಿಂಗ್ ಮತ್ತು ಮಥುರಾ ಅಹೀರ್ ನಡುವಿನ ಪ್ರಕರಣದಲ್ಲಿ, ಆಯಾ ಪಂಥದ ರೂಢಿ ಒಪ್ಪುವುದಾದರೆ ಶೂದ್ರರೂ ಸನ್ಯಾಸಿಗಳಾಗಬಹುದು ಎಂದು ಕೋರ್ಟು ಹೇಳಿತು.

ಈಗ ಬಾಗಿಲುಗಳು. ಹೆಂಗಸರೇ ನಡೆಸುವ, ಯಾವ ಪುರುಷ ಮಠದ ಅಧೀನಕ್ಕೂ ಒಳಪಡದ ಸನ್ಯಾಸಿನಿ ಸಂಘವೆಂದರೆ ಶ್ರೀ ಶಾರದಾ ಮಠ. ವಿವೇಕಾನಂದರು ಬಯಸಿದ್ದ ಸ್ತ್ರೀಮಠ ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ, 1954ರ ಡಿಸೆಂಬರ್ 2ರಂದು, ಕೋಲ್ಕತ್ತದ ದಕ್ಷಿಣೇಶ್ವರದಲ್ಲಿ ಶುರುವಾಯಿತು. 1959ರ ಜನವರಿ 1ರಂದು ಮೊದಲ ತಂಡಕ್ಕೆ ಸನ್ಯಾಸವಾಯಿತು. ರಾಮಕೃಷ್ಣ ಪರಮಹಂಸರ ಪತ್ನಿ ಶಾರದಾದೇವಿಯವರ ಸೇವೆ ಮಾಡಿದ್ದ ಭಾರತೀಪ್ರಾಣಾ ಮಾತಾಜಿ ಮೊದಲ ಅಧ್ಯಕ್ಷೆ. ಅಲ್ಲಿನ ಸನ್ಯಾಸಿನಿಯರನ್ನು ಪ್ರವ್ರಾಜಿಕಾ ಎನ್ನುತ್ತಾರೆ, ಹೆಸರಿನ ಕೊನೆಗೆ ‘ಪ್ರಾಣಾ’ ಸೇರುತ್ತದೆ. ಹಂತಗಳು ಹೀಗಿವೆ. ಮೊದಲು ಕೆಲವು ಸಲ ಬಂದುಹೋಗುವುದು, ಪತ್ರ ವ್ಯವಹಾರ, ಬಳಿಕ ಕೆಲವು ದಿನ ಉಳಿದು ನೋಡುವುದು. ಸೇರಿದ ಮೇಲೆ ಉಮೇದುವಾರಿಕೆ, ಅಂದರೆ ಪರೀಕ್ಷೆಯ ಅವಧಿ. ಸಾಮಾನ್ಯವಾಗಿ ಐದು ವರ್ಷದ ಹೊತ್ತಿಗೆ ಬ್ರಹ್ಮಚರ್ಯ ದೀಕ್ಷೆ, ಆಗ ಬಿಳಿ ಸೀರೆ. ಅದಾಗಿ ನಾಲ್ಕೈದು ವರ್ಷಕ್ಕೆ ಸನ್ಯಾಸ, ಆಗ ಕಾವಿ. ಅಂದರೆ ನೀವು ಇವತ್ತು ಹೊರಟರೂ ಕಾವಿ ಕೈಗೆ ಬರುವಾಗ ವಯಸ್ಸು ನಲವತ್ತು ದಾಟಿರಬಹುದು. ಇಂಥ ಸಂಘಗಳಲ್ಲಿ ಸೇರುವ ವಯಸ್ಸಿಗೆ ಮೂವತ್ತರ ಆಸುಪಾಸಿನಲ್ಲಿ ಗೆರೆ ಎಳೆದಿರುತ್ತಾರೆ. ನಿಮಗೆ 31 ಎಂಬುದರಿಂದ ಮೊದಲ ಪತ್ರದಲ್ಲೇ ಹುಟ್ಟಿದ ದಿನಾಂಕ ಬರೆದು ಕೇಳಿಬಿಡಿ. ವರ್ಷಗಟ್ಟಲೆ ಓಡಾಡಿದ ಮೇಲೆ ‘ವಯಸ್ಸು ಮೀರಿತು’ ಎಂದು ಕೇಳಿಸಿಕೊಳ್ಳುವುದು ಬೇಡ.

ಚಿನ್ಮಯ ಮಿಷನ್ನಿನ ದಾರಿ ಬೇರೆ. ಅಲ್ಲಿ ಮೊದಲು ಗುರುಕುಲದಲ್ಲಿ ಸುಮಾರು ಎರಡು ವರ್ಷ ಉಪನಿಷತ್ತು, ಗೀತೆಗಳ ಪಾಠ. ಪಾಠ ಮುಗಿಸಿ ಮನೆಗೆ ಮರಳುವವರೂ ಇದ್ದಾರೆ, ಅದರಲ್ಲಿ ನಾಚಿಕೆಯಿಲ್ಲ. ಉಳಿದವರಿಗೆ ಬ್ರಹ್ಮಚಾರಿಣಿ ದೀಕ್ಷೆಯಾಗಿ ಹಳದಿ ಬಟ್ಟೆ, ಬಹಳ ವರ್ಷದ ಮೇಲೆ ಕಾವಿ, ‘ಸ್ವಾಮಿನಿ’ ಎಂಬ ಹೆಸರು. ಓದಿನ ಕಡೆ ಮನಸ್ಸಿರುವವರಿಗೆ ಇದು ಹೊಂದುತ್ತದೆ. ಆಸ್ಪತ್ರೆ, ಶಾಲೆಗಳ ಸೇವೆ ಬೇಕೆನ್ನುವವರಿಗೆ ಮೊದಲನೆಯದು. ಬ್ರಹ್ಮಾಕುಮಾರಿಯರು ಬಿಳಿ ಸೀರೆ ಉಟ್ಟು ಬ್ರಹ್ಮಚರ್ಯದಲ್ಲಿದ್ದರೂ ತಮ್ಮದನ್ನು ಸನ್ಯಾಸ ಎನ್ನುವುದಿಲ್ಲ. ವೀರಶೈವ ಲಿಂಗಾಯತರಲ್ಲಿ ಜಂಗಮ ದೀಕ್ಷೆ ಪಡೆದ ಮಾತಾಜಿಯರಿದ್ದಾರೆ. 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿ ಜಗದ್ಗುರು ಪೀಠವನ್ನೇ ಏರಿದರು. ಉತ್ತರದ ನಾಗಾ ಸಾಧುಗಳ ಜೂನಾ ಅಖಾಡದಲ್ಲಿ, ಹಿಂದೆ ‘ಮಾಯಿ ಬಾಡಾ’ ಎನ್ನುತ್ತಿದ್ದ ಹೆಂಗಸರ ವಿಭಾಗವಿದೆ. ಕುಂಭದಲ್ಲಿ ಗುಂಪಾಗಿ ದೀಕ್ಷೆಯಾಗುತ್ತದೆ, ಆಮೇಲೆ ಎಲ್ಲಿರಬೇಕು, ಏನು ತಿನ್ನಬೇಕು ಎಂಬುದು ಆಯಾ ಗುರುವಿನ ಮರ್ಜಿ. ಮಂಡ್ಯ ಮೈಸೂರಿನಿಂದ ಒಬ್ಬಳೇ ಹೊರಡುವ ಹೆಣ್ಣಿಗೆ ಅದನ್ನು ಶಿಫಾರಸು ಮಾಡಲಾಗದು.

ಸಂಘ ದೊಡ್ಡದೋ ಚಿಕ್ಕದೋ, ಪರೀಕ್ಷಿಸುವುದಕ್ಕೆ ಒಂದು ಪ್ರಶ್ನೆ ಸಾಕು: ಇಲ್ಲಿ ಎಲ್ಲರಿಗಿಂತ ಹಿರಿಯ, ಹಾಸಿಗೆ ಹಿಡಿದ ಮಾತಾಜಿ ಎಲ್ಲಿದ್ದಾರೆ? ಅವರ ಕೋಣೆಗೆ ಹೋಗಿ ನೋಡಿ. ಹೊದಿಕೆ ಶುಭ್ರವಾಗಿದೆಯೇ, ಮಾತ್ರೆಗಳನ್ನು ಹೊತ್ತಿಗೆ ಕೊಡುವವರಿದ್ದಾರೆಯೇ, ಎತ್ತಿ ಕೂರಿಸುವವರಿದ್ದಾರೆಯೇ? ನಿಮಗೆ ಎಂಬತ್ತಾದಾಗ ಆಗುವುದು ಅದೇ. ಅಂಥ ಕೋಣೆಯೇ ಇಲ್ಲ, ಇರುವವರೆಲ್ಲ ಮೂವತ್ತರ ಒಳಗಿನವರು ಎಂದರೆ, ಮಿಕ್ಕವರು ಎಲ್ಲಿಗೆ ಹೋದರು ಎಂದು ಕೇಳಬೇಕು. ಇನ್ನು ನೀವು ಲೆಕ್ಕ ಬಲ್ಲವರು. ಟ್ರಸ್ಟ್ ನೋಂದಣಿಯಾಗಿದೆಯೇ, ವರ್ಷದ ಲೆಕ್ಕಪರಿಶೋಧನೆ ಆಗುತ್ತದೆಯೇ, ಚೆಕ್ಕಿಗೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಲು ಸಂಕೋಚ ಬೇಡ. ದೀಕ್ಷೆಗೆ ದರ ಹೇಳಿದರೆ, ಎಸ್‌ಎಸ್‌ಎಲ್‌ಸಿ, ಪದವಿಯ ಅಸಲು ಅಂಕಪಟ್ಟಿಗಳನ್ನು ‘ಇಲ್ಲೇ ಇರಲಿ’ ಎಂದರೆ, ಮನೆಯವರಿಗೆ ಈಗಲೇ ಹೇಳಬೇಡ ಎಂದರೆ, ಗಂಡಸಾದ ಗುರು ಒಂಟಿಯಾಗಿ ಭೇಟಿಗೆ ಕರೆದರೆ, ಎದ್ದು ಬನ್ನಿ. ನಿಮ್ಮ ಸ್ವಾಮಿಗಳು ಈಗಾಗಲೇ ಇದರಲ್ಲಿ ಒಂದನ್ನು ಮಾಡಿದ್ದಾರೆ.

ಒಳಗಿನ ಬದುಕು ಹೊರಗಿನವರು ಎಣಿಸುವಷ್ಟು ಪ್ರಶಾಂತವಲ್ಲ. ಬೆಳಗಿನ ಜಾವ ನಾಲ್ಕು, ನಾಲ್ಕೂವರೆಗೆ ಏಳುವುದು, ಮಂಗಳಾರತಿ, ಜಪ ಧ್ಯಾನ, ಆಮೇಲೆ ದಿನವೆಲ್ಲ ಕೆಲಸ. ಅಡುಗೆಮನೆ, ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಪಾತ್ರೆ, ಹಾಸ್ಟೆಲ್ ಮಕ್ಕಳು, ಕಚೇರಿ. ಎಂ.ಕಾಂ. ಆದವರನ್ನು ಕಚೇರಿಯಲ್ಲಿ ಕೂರಿಸದೆ ಎರಡು ವರ್ಷ ಸೌಟು ಹಿಡಿಸುವುದೂ ಉಂಟು, ಅದು ಬೇಕೆಂತಲೇ ಮಾಡುವುದು. ಸಂಜೆ ಆರತಿ, ಭಜನೆ, ಓದು, ರಾತ್ರಿ ಹತ್ತರ ಸುಮಾರಿಗೆ ದೀಪ ಆರುತ್ತದೆ. ಮೈಸೂರಿನಲ್ಲೇ ಇರುತ್ತೇನೆ ಎಂಬ ಆಸೆ ಬಿಡಿ. ಬಂಗಾಳಕ್ಕೋ ಕೇರಳಕ್ಕೋ ಅಸ್ಸಾಮಿಗೋ ಹಾಕಬಹುದು. ಅಲ್ಲಿ ಮುದ್ದೆ ಇರುವುದಿಲ್ಲ, ಕನ್ನಡ ಇರುವುದಿಲ್ಲ. ಈಗಿನಿಂದಲೇ ಹಿಂದಿ ಮಾತು, ಸಂಸ್ಕೃತದ ಓದು ಶುರು ಮಾಡಿದರೆ ಮೊದಲ ವರ್ಷದ ಮೂಕತನ ಅರ್ಧ ಕಡಿಮೆಯಾಗುತ್ತದೆ.

ಬಿಟ್ಟು ಬರುವವರು ದೇವರ ಮೇಲಿನ ಸಿಟ್ಟಿಗೆ ಬಿಟ್ಟು ಬರುವುದು ಕಡಿಮೆ. ಕಾರಣಗಳು ಸಣ್ಣವು. ನಿದ್ದೆ ಸಾಲದೆ ಮೂರು ತಿಂಗಳಿಗೇ ದೇಹ ಸೋಲುತ್ತದೆ. ನೆಲದಲ್ಲಿ ಕೂರುವ ಅಭ್ಯಾಸವಿಲ್ಲದೆ ಮಂಡಿ ಹಿಡಿದುಕೊಳ್ಳುತ್ತದೆ. ರಕ್ತಹೀನತೆ, ಥೈರಾಯ್ಡ್ ಇದ್ದದ್ದನ್ನು ಮುಚ್ಚಿಟ್ಟು ಸೇರಿ ಅಲ್ಲಿ ಮಲಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ತನಗಿಂತ ಕಿರಿಯಳಾದರೂ ಮೊದಲು ಸೇರಿದವಳ ಮಾತು ಕೇಳಬೇಕಾಗುವುದು. ಸಂಬಳ ತಂದು ಮನೆ ನಡೆಸಿದ ಹೆಣ್ಣಿಗೆ, ಊರಿಗೆ ಹೋಗಲು, ಫೋನ್ ಮಾಡಲು, ಸೋಪು ತರಲು ಕೂಡ ಕೇಳಿ ಹೋಗಬೇಕು ಎಂಬುದು ಉಪವಾಸಕ್ಕಿಂತ ಕಷ್ಟ. ಆದ್ದರಿಂದ ಮನೆಯಲ್ಲೇ ಒಂದು ವರ್ಷ ಪ್ರಯೋಗ ಮಾಡಿ: ದಿನಾ ನಾಲ್ಕೂವರೆಗೆ ಏಳುವುದು, ಎರಡು ಹೊತ್ತು ತಪ್ಪದೆ ಜಪ, ಸಂಜೆಯ ಮೇಲೆ ಫೋನ್ ಮುಟ್ಟದಿರುವುದು, ಸಂಬಳದಲ್ಲಿ ನಿಮ್ಮ ಖರ್ಚಿಗೆ ಒಂದು ಚಿಕ್ಕ ಮೊತ್ತ ಗೊತ್ತುಮಾಡಿ ಅದರಲ್ಲೇ ತಿಂಗಳು ನೂಕುವುದು. ಪಿಜಿಯಲ್ಲಿ ಇದನ್ನು ನಡೆಸಿಕೊಂಡು ಹೋದವರಿಗೆ ಮಠ ಭಾರವಾಗುವುದಿಲ್ಲ. ಮುಟ್ಟಿನ ದಿನಗಳ ನಿಯಮ ಒಂದೊಂದು ಕಡೆ ಒಂದೊಂದು ಥರ, ಸೇರುವ ಮೊದಲೇ ಕೇಳಿ. ರಕ್ತಪರೀಕ್ಷೆ, ಹಲ್ಲು, ಕಣ್ಣು ಎಲ್ಲ ಈಗಲೇ ನೋಡಿಸಿ.

ನಮ್ಮಲ್ಲಿ ಸ್ಮಶಾನ ವೈರಾಗ್ಯ, ಪ್ರಸೂತಿ ವೈರಾಗ್ಯ, ಪುರಾಣ ವೈರಾಗ್ಯ ಎಂದು ಮೂರನ್ನು ಹೇಳಿ ನಗುತ್ತಾರೆ. ಹೆಣ ಸುಟ್ಟು ಬರುವಾಗ, ಹೆರಿಗೆ ನೋವಿನಲ್ಲಿ, ಹರಿಕಥೆ ಕೇಳಿ ಏಳುವಾಗ ಬಂದದ್ದು ಮನೆ ತಲುಪುವ ಹೊತ್ತಿಗೆ ಹೋಗಿರುತ್ತದೆ. ನಿಮ್ಮದು ನಾಲ್ಕು ವರ್ಷ ಉಳಿದಿದೆ, ಆ ಪಟ್ಟಿಗೆ ಸೇರುವುದಿಲ್ಲ. ಆದರೆ ಇನ್ನೊಂದನ್ನು ಬೇರ್ಪಡಿಸಿ ನೋಡಬೇಕು. ವೈರಾಗ್ಯ ಬಂದವರಿಗೆ ಲೋಕದ ಸುಖ ಸಪ್ಪೆಯಾದರೂ ಜಪ, ಓದು, ಸೇವೆಯಲ್ಲಿ ರುಚಿ ಹೆಚ್ಚುತ್ತದೆ. ಖಿನ್ನತೆಯಲ್ಲಿ ಎಲ್ಲವೂ ಒಟ್ಟಿಗೆ ಸಪ್ಪೆಯಾಗುತ್ತದೆ, ದೇವರೂ ಸಹ. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಊಟ ಸೇರದೆ, ಬದುಕಿ ಏನು ಎಂಬ ಮಾತು ಬರುತ್ತಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ತಗೊಳ್ಳುತ್ತಿದ್ದರೆ ಮಠಕ್ಕೆ ಮುಚ್ಚಿಡಬೇಡಿ. ಮುಚ್ಚಿಟ್ಟು ಸೇರಿ, ಮಾತ್ರೆ ತಾನಾಗಿ ನಿಲ್ಲಿಸಿ, ಆರು ತಿಂಗಳಿಗೆ ಮನೆಗೆ ಕಳಿಸಿಕೊಂಡವರಿಗೆ ಆಗುವ ಪೆಟ್ಟು ದೊಡ್ಡದು.

ದೀಕ್ಷೆಯ ವಿಧಿ ತಿಳಿದಿದ್ದರೆ, ಸಂಗಮದಲ್ಲಿ ಮುಳುಗಿ ಎದ್ದು ಬಟ್ಟೆ ಬದಲಿಸುವುದು ಏಕೆ ಸನ್ಯಾಸವಲ್ಲ ಎಂಬುದು ಅರ್ಥವಾಗುತ್ತದೆ. ಪೂರ್ಣ ವಿಧಿಯಲ್ಲಿ ಮೊದಲು ಅಷ್ಟಶ್ರಾದ್ಧ: ದೇವ, ಋಷಿ, ದಿವ್ಯ, ಮನುಷ್ಯ, ಭೂತ, ಪಿತೃ, ಮಾತೃ, ಕೊನೆಗೆ ಆತ್ಮಶ್ರಾದ್ಧ. ತನ್ನ ಪಿಂಡವನ್ನು ತಾನೇ ಇಟ್ಟುಕೊಳ್ಳುವುದು ಅಲ್ಲಿ. ಆಮೇಲೆ ಕೇಶವಪನ, ಉಪವಾಸ, ರಾತ್ರಿ ಜಾಗರಣೆ. ಬೆಳಗಿನ ಜಾವ ವಿರಜಾ ಹೋಮ. ಪ್ರಾಣ, ಅಪಾನದಿಂದ ಹಿಡಿದು ಚರ್ಮ, ಮಾಂಸ, ಮೂಳೆ, ಮಜ್ಜೆಯವರೆಗೆ ಒಂದೊಂದನ್ನೂ ಹೆಸರಿಸಿ ‘ಶುದ್ಧವಾಗಲಿ’ ಎಂದು ಆಹುತಿ ಕೊಡುತ್ತಾರೆ. ಬಳಿಕ ‘ಸಂನ್ಯಸ್ತಂ ಮಯಾ’ (ನಾನು ಎಲ್ಲ ಬಿಟ್ಟೆ) ಎಂಬ ಪ್ರೈಷವನ್ನು, ಅಂದರೆ ತ್ಯಾಗದ ಮಂತ್ರವನ್ನು, ಮೂರು ಬಾರಿ ಹೇಳಿ, ಸಕಲ ಜೀವಿಗಳಿಗೂ ಅಭಯ ಕೊಟ್ಟು, ಕಾವಿ, ಮಹಾವಾಕ್ಯದ ಉಪದೇಶ, ಹೊಸ ಹೆಸರು. ಜನಿವಾರ, ಶಿಖೆ ಬಿಡುವ ಭಾಗ ಹೆಂಗಸರಲ್ಲಿ ಸಂಘದಿಂದ ಸಂಘಕ್ಕೆ ಬದಲಾಗುತ್ತದೆ, ಕೂದಲಿನ ನಿಯಮವೂ ಅಷ್ಟೇ. ಒಂದು ಸಲ ಆತ್ಮಶ್ರಾದ್ಧವಾದ ಮೇಲೆ ಮನೆಗೆ ಮರಳಿದವರನ್ನು ಶಾಸ್ತ್ರ ‘ಆರೂಢಪತಿತ’ ಎಂಬ ಕಠಿಣ ಮಾತಿನಿಂದ ಕರೆಯುತ್ತದೆ. ಬ್ರಹ್ಮಚರ್ಯದ ಹಂತದಲ್ಲಿ ಮರಳಿದವರಿಗೆ ಆ ಮಾತು ಇಲ್ಲ. ಹತ್ತು ವರ್ಷ ಕಾಯಿಸುವುದರ ಲಾಭ ಇಲ್ಲಿದೆ.

ಕಾವಿಯ ವಿಷಯ ಬಂದದ್ದಕ್ಕೆ ಒಂದು ಮಾತು. ಅಂಗಡಿಯ ಕೇಸರಿ ಬಣ್ಣದ ಪಾಲಿಯೆಸ್ಟರ್ ಬೇರೆ, ಕಾವಿಮಣ್ಣಿನ ಬಟ್ಟೆ ಬೇರೆ. ಹೊಸ ಹತ್ತಿ ಬಟ್ಟೆಯ ಗಂಜಿ ಹೋಗುವಂತೆ ಎರಡು ಮೂರು ಸಲ ಒಗೆಯಬೇಕು. ಗಂಜಿ ಉಳಿದರೆ ಬಣ್ಣ ಕಚ್ಚುವುದಿಲ್ಲ. ಕಾವಿಯನ್ನು ನುಣ್ಣಗೆ ಅರೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಮರಳು ಕೆಳಗುಳಿಯುತ್ತದೆ. ಬಟ್ಟೆಯನ್ನು ಒದ್ದೆ ಮಾಡಿಯೇ ಅದ್ದಬೇಕು. ಒಣ ಬಟ್ಟೆ ಅದ್ದಿದರೆ ಮಚ್ಚೆ ಮಚ್ಚೆ. ಕಾಲು ಗಂಟೆ ಕೈಯಾಡಿಸುತ್ತಿದ್ದು, ಹಿಂಡಿ, ನೆರಳಲ್ಲಿ ಹರವುವುದು. ಇದು ಮಣ್ಣು, ನೂಲಿನ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಆದ್ದರಿಂದ ಒಗೆದಾಗಲೆಲ್ಲ ಬಿಡುತ್ತದೆ, ಬೇರೆ ಬಕೆಟ್ ಬೇಕು, ಕೆಲವು ಒಗೆತಕ್ಕೊಮ್ಮೆ ಮತ್ತೆ ಅದ್ದಬೇಕು.

ಗದ್ದೆಗೆ ಬರೋಣ. ಹಿಂದೂ ಕಾನೂನಿನಲ್ಲಿ ವಿಧಿವತ್ತಾಗಿ ಸನ್ಯಾಸ ಪಡೆದವರು ‘ಸಿವಿಲ್ ಸಾವು’ ಹೊಂದಿದಂತೆ. ಹುಟ್ಟಿದ ಮನೆಯ ಸಂಬಂಧ ಅಲ್ಲಿಗೆ ಕಡಿಯಿತು, ಆವರೆಗಿನ ಆಸ್ತಿ ವಾರಸುದಾರರಿಗೆ ಹೋಗುತ್ತದೆ. ಆದರೆ ಕಾವಿ ಉಟ್ಟ ಮಾತ್ರಕ್ಕೆ, ‘ನಾನು ಸನ್ಯಾಸಿ’ ಎಂದು ಹೇಳಿಕೊಂಡ ಮಾತ್ರಕ್ಕೆ ಇದು ಆಗುವುದಿಲ್ಲ. ವಿಧಿಗಳು ನಡೆದವು, ಲೋಕವನ್ನು ಪೂರ್ತಿ ಬಿಟ್ಟರು ಎಂದು ಸಾಬೀತು ಮಾಡುವ ಹೊಣೆ ಹಾಗೆ ಹೇಳುವವರದು. ನೀವು ಇನ್ನೂ ಉಮೇದುವಾರಿಕೆಗೂ ಸೇರಿಲ್ಲ. ಹಾಗಾಗಿ ‘ಹೇಗೂ ಎಲ್ಲ ಬಿಡ್ತೀಯಲ್ಲ’ ಎಂಬ ಅಣ್ಣನ ಮಾತಿಗೆ ಕಾನೂನಿನಲ್ಲಿ ಈಗ ಬೆಲೆಯಿಲ್ಲ.

ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದು ಗದ್ದೆ ಅವರ ಸ್ವಂತ ಸಂಪಾದನೆಯಾಗಿದ್ದರೆ ಅಮ್ಮ, ಅಣ್ಣ, ನೀವು ಮೂವರಿಗೂ ಸಮಪಾಲು. ಪಿತ್ರಾರ್ಜಿತವಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ನೀವೂ ಹುಟ್ಟಿನಿಂದಲೇ ಹಕ್ಕುದಾರರು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ವಿಭಾಗವಾಗಿದ್ದರೆ ಮಾತ್ರ ಲೆಕ್ಕ ಬೇರೆ. ಪೌತಿ ಖಾತೆಯಲ್ಲಿ, ಪಹಣಿಯಲ್ಲಿ ನಿಮ್ಮ ಹೆಸರು ಬಿಟ್ಟುಹೋಗಿದ್ದರೂ ಹಕ್ಕು ಹೋಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಮಾಲೀಕತ್ವದ ಪತ್ರವಲ್ಲ. ಆದರೆ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಹಾಗಲ್ಲ. ಅದನ್ನು ರದ್ದು ಮಾಡಿಸಬೇಕೆಂದರೆ ಮೋಸವೋ ಬಲವಂತವೋ ಆಗಿದೆ ಎಂದು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು, ಅದೂ ಸಂಗತಿ ತಿಳಿದ ಮೂರು ವರ್ಷದೊಳಗೆ. ‘ಸನ್ಯಾಸ ಕೈಗೂಡಲಿಲ್ಲ’ ಎಂಬುದು ಅಲ್ಲಿ ಕಾರಣವಾಗುವುದಿಲ್ಲ.

ಈಗ ಬೇಕಾದ್ದು ಒಂದು ಉಯಿಲು. ಬಿಳಿ ಹಾಳೆಯಲ್ಲಿ ಬರೆದರೂ ಆಗುತ್ತದೆ, ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಹಾಕಬೇಕು, ನೋಂದಣಿ ಕಡ್ಡಾಯವಲ್ಲ ಆದರೂ ಮಾಡಿಸಿದರೆ ಒಳ್ಳೆಯದು. ಫಲ ಪಡೆಯುವವರು ಸಾಕ್ಷಿಯಾಗಬಾರದು. ಯಾವಾಗ ಬೇಕಾದರೂ ಬದಲಿಸಬಹುದು. ಗದ್ದೆ ಅಣ್ಣನೇ ಮಾಡಲಿ, ಅಮ್ಮನಿಗೆ ವರ್ಷಕ್ಕೆ ಇಷ್ಟು ಭತ್ತ, ಇಷ್ಟು ದುಡ್ಡು ಎಂದು ಮಾತಾಡಿಕೊಂಡು ಬರೆದಿಟ್ಟುಕೊಳ್ಳಿ. ಬ್ರಹ್ಮಚರ್ಯ ದೀಕ್ಷೆ ದಾಟಿ ಸನ್ಯಾಸ ಗೊತ್ತಾದ ಮೇಲೆ ನಿಮ್ಮ ಪಾಲನ್ನು ಕೊಡುವುದಿದ್ದರೆ ಮೊದಲು ಅಮ್ಮನ ಹೆಸರು ನೆನೆಯಿರಿ. ಅವರ ಜೀವಿತಾವಧಿಯವರೆಗೆ ಅನುಭವದ ಹಕ್ಕು ಇಟ್ಟು ಆಮೇಲೆ ಅಣ್ಣನಿಗೆ ಎಂದು ಬರೆಯಲು ಬರುತ್ತದೆ.

ಮದುವೆಯಾದವರು ಇದನ್ನು ಓದುತ್ತಿದ್ದರೆ: ಸನ್ಯಾಸದಿಂದ ಮದುವೆ ತಾನಾಗಿ ಮುರಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ವಿಚ್ಛೇದನ ಕೇಳಲು ಒಂದು ಕಾರಣ, ಅಷ್ಟೇ, ಕೋರ್ಟಿನ ಡಿಕ್ರಿ ಆಗಲೇಬೇಕು. ಚಿಕ್ಕ ಮಕ್ಕಳಿದ್ದರೆ, ಪೂರ್ಣ ಸನ್ಯಾಸ ಪಡೆದವರು ಸಹಜ ಪೋಷಕರಾಗಿ ಉಳಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ನಿಮ್ಮ ಕೆಲಸದ ಲೆಕ್ಕ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ಬರುತ್ತದೆ. ಪಿಎಫ್‌ನ ಪಿಂಚಣಿ ಭಾಗ ನೋಡಿ: ಹತ್ತು ವರ್ಷದ ಸೇವೆ ಇದ್ದರೆ 58ಕ್ಕೆ ಪಿಂಚಣಿ, ನಿಮಗೆ ಆಗಿರುವುದು ಎಂಟು. ಬಿಡುವಾಗ ಆ ಮೊತ್ತ ತೆಗೆದುಬಿಡುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆಯಿರಿ. ಮರಳಿ ಕೆಲಸಕ್ಕೆ ಸೇರಿದರೆ ಆ ಎಂಟು ವರ್ಷ ಲೆಕ್ಕಕ್ಕೆ ಸೇರುತ್ತದೆ. ಇನ್ನೆರಡು ವರ್ಷ ಕೆಲಸದಲ್ಲಿದ್ದು ಹೊರಡುವುದು ಇನ್ನೂ ಜಾಣತನ, ಆದರೆ ವಯಸ್ಸಿನ ಗೆರೆ ಅದಕ್ಕೆ ಬಿಡುತ್ತದೆಯೋ ಇಲ್ಲವೋ ಕೇಳಿಕೊಂಡು ನಿರ್ಧರಿಸಿ. ಉಳಿತಾಯ ನಿಮ್ಮ ಹೆಸರಿನ ಠೇವಣಿಯಲ್ಲೇ ಇರಲಿ, ಅಮ್ಮ ನಾಮಿನಿ. ನಾಮಿನಿ ದುಡ್ಡು ಪಡೆಯುವವರು ಮಾತ್ರ, ಒಡೆಯರಲ್ಲ. ಉಯಿಲಿನಲ್ಲಿ ಅದನ್ನೂ ಬರೆದಿಡಬೇಕಾದದ್ದು ಇದಕ್ಕೇ.

ಹೊಸ ಹೆಸರು ಬಂದಾಗ ಜನ ಎಡವುವುದು ಕ್ರಮದಲ್ಲಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಬ್ರಹ್ಮಚಾರಿಣಿಯಾದಾಗ ಒಂದು ಹೆಸರು, ಸನ್ಯಾಸದಲ್ಲಿ ಇನ್ನೊಂದು ಎಂದು ಬದಲಿಸುತ್ತ ಹೋದರೆ ಎರಡೂ ಮುಗಿಯುತ್ತವೆ. ಸನ್ಯಾಸವಾದ ಮೇಲೆ ಒಂದೇ ಸಲ ಮಾಡಿಸಿ. ಅದಕ್ಕೂ ಮೊದಲು ಪಿಎಫ್, ವಿಮೆ, ಬ್ಯಾಂಕಿನ ಹಳೆ ಹೆಸರಿನ ವ್ಯವಹಾರವೆಲ್ಲ ಮುಗಿದಿರಲಿ, ಇಲ್ಲವಾದರೆ ಹೆಸರು ತಾಳೆಯಾಗದೆ ಹಣ ನಿಲ್ಲುತ್ತದೆ. ನೋಟರಿ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಗೆಜೆಟ್, ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್, ಮತದಾರರ ಚೀಟಿ. ಪಾಸ್‌ಪೋರ್ಟಿನಲ್ಲಿ 2016ರ ಡಿಸೆಂಬರ್‌ನಿಂದ ಸಾಧು, ಸನ್ಯಾಸಿಗಳು ತಂದೆ ತಾಯಿಯ ಹೆಸರಿನ ಜಾಗದಲ್ಲಿ ಗುರುವಿನ ಹೆಸರು ಬರೆಸಬಹುದು. ಆದರೆ ಆಧಾರ್, ಪ್ಯಾನ್, ಮತದಾರರ ಚೀಟಿಯಂಥ ಒಂದು ಸಾರ್ವಜನಿಕ ದಾಖಲೆಯಲ್ಲಿ ಗುರುವಿನ ಹೆಸರು ಆ ಕಾಲಮ್ಮಿನಲ್ಲಿ ಮೊದಲೇ ಇರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಳೆಯ ಹೆಸರಿನಲ್ಲೇ ಉಳಿಯಲಿ; ಗೆಜೆಟ್ ಪ್ರತಿಯನ್ನು ಅದರ ಜೊತೆಗೇ ಇಟ್ಟರೆ ಸಾಕು.

ಕೊನೆಗೆ ಅಮ್ಮ. ಉಮೇದುವಾರಿಕೆಯಲ್ಲಿ, ಬ್ರಹ್ಮಚರ್ಯದಲ್ಲಿ ಅಮ್ಮನಿಗೆ ಕಾಯಿಲೆ ಎಂದರೆ ಅನುಮತಿ ಪಡೆದು ಬರಬಹುದು. ಅವರನ್ನು ನೋಡಿಕೊಳ್ಳುವವರೇ ಇಲ್ಲದಿದ್ದರೆ ಹಲವು ಮಠಗಳು ಸೇರಿಸಿಕೊಳ್ಳುವುದೇ ಇಲ್ಲ, ಅದು ಸರಿಯೂ ಹೌದು. ಸನ್ಯಾಸದ ನಂತರ ಮನೆಯಲ್ಲಿ ಉಳಿಯುವುದು, ಹಬ್ಬ ಮದುವೆಗೆ ಬರುವುದು ಇರುವುದಿಲ್ಲ. ತಂದೆ ತಾಯಿ ತೀರಿದ ಸುದ್ದಿ ಕಿವಿಗೆ ಬಿದ್ದರೆ ಸನ್ಯಾಸಿಗೆ ಸ್ನಾನ ಮಾತ್ರ, ಸೂತಕವಿಲ್ಲ, ಕರ್ಮವಿಲ್ಲ. ಆದರೂ ತಾಯಿಯ ವಿಷಯದಲ್ಲಿ ಸಂಪ್ರದಾಯ ಒಂದು ಕಿಂಡಿ ಬಿಟ್ಟಿದೆ. ಸನ್ಯಾಸಿ ತಂದೆಗೂ ತಲೆಬಾಗುವುದಿಲ್ಲ, ತಾಯಿಗೆ ಬಾಗುತ್ತಾನೆ. ಕಾಲಡಿಯಲ್ಲಿ ತಾಯಿಯ ಅಪ್ಪಣೆ ಪಡೆದು ಹೊರಟ ಶಂಕರರು, ಊರವರ ವಿರೋಧ ಕಟ್ಟಿಕೊಂಡು ಬಂದು ತಾಯಿಯ ಚಿತೆಗೆ ಬೆಂಕಿ ಇಟ್ಟರು ಎಂದು ಶಂಕರವಿಜಯಗಳು ಹೇಳುತ್ತವೆ. ನಿಮ್ಮ ಅಮ್ಮ ಕೇಳುತ್ತಿರುವುದು ಶಾಸ್ತ್ರವನ್ನಲ್ಲ ಎಂದು ತೋರುತ್ತದೆ. ಅವರನ್ನೇ ಕರೆದುಕೊಂಡು ಮಠಕ್ಕೆ ಹೋಗಿ, ಎರಡು ಮೂರು ದಿನ ಅತಿಥಿಗೃಹದಲ್ಲಿ ಉಳಿಯಿರಿ. ಅಡುಗೆಮನೆ, ಆ ಹಿರಿಯ ಮಾತಾಜಿಯ ಕೋಣೆ, ಎಲ್ಲ ಅವರೂ ನೋಡಲಿ. ಹೆಣ್ಣುಮಕ್ಕಳನ್ನು ಕೊಡುವಾಗ ಮನೆ ನೋಡುವ ಕಣ್ಣು ಅವರಿಗಿದೆ, ಅದು ನಿಮಗಿಂತ ಚುರುಕು.